ಲೋಹವೂ ನರಳುತ್ತದೆ

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರನ್ನು ನೀವು ಗಮನಿಸಿರಬಹುದು. ಮಡಕೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗೆಣ್ಣಿನಿಂದ ಅದರ ಮೈಯನ್ನು ಒಂದೆರಡು ಸಲ ತಟ್ಟುತ್ತಾರೆ. 'ಠಣ್' ಎಂದು ತುಂಬುದನಿ ಹೊರಟರೆ ಮಡಕೆ ಗಟ್ಟಿ. ಒಡಕುದನಿ ಬಂದರೆ ಎಲ್ಲಿಯೋ ಸೀಳು ಬಿಟ್ಟಿದೆಯೆಂದು ತಿಳಿದು ಅದನ್ನು ಹಿಂದಕ್ಕಿಡುತ್ತಾರೆ. ಕಣ್ಣಿಗೆ ಕಾಣದ ದೋಷವನ್ನು ಕಿವಿಯಿಂದ ಪತ್ತೆಹಚ್ಚುವ ಈ ಉಪಾಯ ಬಹಳ ಹಳೆಯದು. ವೈದ್ಯರೂ ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ನೋಡುವುದುಂಟು. ಆದರೆ ವೈದ್ಯರಲ್ಲಿ ಇನ್ನೊಂದು ವಿಧಾನವೂ ಇದೆ. ಸ್ಟೆತಸ್ಕೋಪನ್ನು ಎದೆಯ ಮೇಲಿರಿಸಿ, ತಾವು ಏನನ್ನೂ ಮಾಡದೆ, ಒಳಗಿನಿಂದ ತಾನಾಗಿಯೇ ಬರುವ ಸದ್ದನ್ನು ಅವರು ಆಲಿಸುತ್ತಾರೆ. ಮೊದಲನೆಯ ವಿಧಾನದಲ್ಲಿ ಧ್ವನಿಯನ್ನು ಎಬ್ಬಿಸುವವರು ನಾವು. ಎರಡನೆಯದರಲ್ಲಿ ವಸ್ತುವೇ ತನ್ನ ಕಷ್ಟವನ್ನು ತಾನು ಹೇಳಿಕೊಳ್ಳುತ್ತದೆ.

ವಿಮಾನದ ರೆಕ್ಕೆಗೂ ಒಡಲಿಗೂ ಹೀಗೆ ಕಿವಿಗೊಟ್ಟು, ಅವುಗಳ ಲೋಹದಲ್ಲಿ ಬೆಳೆಯುತ್ತಿರುವ ಬಿರುಕುಗಳನ್ನು ಅರಿಯಲು ಸಾಧ್ಯವೆ? ಸಾಧ್ಯ. ಬಿರುಕು ಬೆಳೆಯುವಾಗ ಸದ್ದು ಮಾಡುತ್ತದೆ. ಆ ಸದ್ದು ನಮ್ಮ ಕಿವಿಗೆ ಕೇಳಿಸದಷ್ಟು ಸಣ್ಣದು, ನಮ್ಮ ಕಿವಿಗೆ ನಿಲುಕದಷ್ಟು ಕೀರಲು. ಅದನ್ನು ಹಿಡಿಯುವ ವಿಧಾನಕ್ಕೆ 'ಅಕೂಸ್ಟಿಕ್ ಎಮಿಷನ್' ಎಂದು ಹೆಸರು. ಕನ್ನಡದಲ್ಲಿ ಧ್ವನಿ ಉತ್ಸರ್ಜನೆ ಎನ್ನಬಹುದು. ಈ ವಿಧಾನದ ತತ್ತ್ವವೇನು, ಅದರಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಲೋಹದ ದಣಿವು

ಒಂದು ಕಬ್ಬಿಣದ ತಂತಿಯನ್ನು ಕೈಗಳಿಂದ ಎಳೆದು ತುಂಡು ಮಾಡಲು ನಮಗೆ ಶಕ್ತಿ ಸಾಲದು. ಆದರೆ ಅದೇ ತಂತಿಯನ್ನು ಒಂದೇ ಸ್ಥಳದಲ್ಲಿ ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಾಗಿಸಿದರೆ ಅದು ತಾನಾಗಿ ಮುರಿದುಬೀಳುತ್ತದೆ. ಒಂದು ಸಲಕ್ಕೆ ನಿರಾಯಾಸವಾಗಿ ತಾಳಿಕೊಳ್ಳುವ ಹೊರೆಯೇ ಸಾವಿರಾರು ಸಲ ಬಂದು ಹೋದರೆ ಲೋಹವನ್ನು ಮುರಿಯಬಲ್ಲುದು. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಾಡಿಗಳ ಅಚ್ಚುಗಳು ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯತೊಡಗಿದಾಗ ಎಂಜಿನಿಯರುಗಳು ಈ ಪೀಡೆಯನ್ನು ಮೊದಲು ಎದುರಿಸಿದರು. 1842ರಲ್ಲಿ ಫ್ರಾನ್ಸಿನ ವರ್ಸೈ ಬಳಿ ಹೀಗೆ ಅಚ್ಚು ಮುರಿದು ಭೀಕರವಾದ ದುರಂತವೇ ಸಂಭವಿಸಿತು. ಜರ್ಮನಿಯ ಆಗಸ್ಟ್ ವೋಲರನು ಮುಂದಿನ ದಶಕಗಳಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿ, ಹೊರೆಯ ಪ್ರಮಾಣಕ್ಕೂ ಲೋಹ ತಾಳುವ ಆವರ್ತನೆಗಳ ಸಂಖ್ಯೆಗೂ ಇರುವ ಸಂಬಂಧವನ್ನು ಕಂಡುಹಿಡಿದನು.

ದಣಿವು ಒಳಗೊಳಗೇ ಹೇಗೆ ಕೆಲಸ ಮಾಡುತ್ತದೆ? ಲೋಹವೆಂಬುದು ಅಸಂಖ್ಯ ಸಣ್ಣ ಹರಳುಕಣಗಳ ಒಕ್ಕೂಟ. ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲಕ್ಕೆ ಭೌತವಿಜ್ಞಾನದಲ್ಲಿ ಪೀಡನ ಎಂದು ಹೆಸರು. ತಗಡಿನಲ್ಲಿ ರಂಧ್ರವೋ ಚೂಪಾದ ಮೂಲೆಯೋ ಇದ್ದರೆ, ಹೊಳೆಯ ನೀರು ಬಂಡೆಯ ಅಂಚಿನಲ್ಲಿ ಒತ್ತರಿಸಿ ಹರಿಯುವಂತೆ, ಅಲ್ಲಿ ಪೀಡನ ಹಲವು ಪಟ್ಟು ಹೆಚ್ಚುತ್ತದೆ. ಅಂತಹ ಎಡೆಯಲ್ಲಿ ಹರಳಿನ ಪದರಗಳು ಒಂದರ ಮೇಲೊಂದು ಜಾರುತ್ತವೆ. ಹೊರೆ ತೆಗೆದಾಗ ಅವು ಮರಳಿ ಜಾರಿದರೂ ಮೊದಲಿನ ಸ್ಥಿತಿಗೆ ಪೂರ್ತಿಯಾಗಿ ಬರುವುದಿಲ್ಲ. ಹೀಗೆ ಸಾವಿರಾರು ಸಲ ಆದಮೇಲೆ ಕೂದಲಿಗಿಂತಲೂ ಸಣ್ಣದಾದ ಬಿರುಕೊಂದು ಹುಟ್ಟುತ್ತದೆ. ಬಿರುಕಿನ ತುದಿಯಷ್ಟು ಚೂಪಾದ ಮೂಲೆ ಬೇರೆ ಯಾವುದಿದೆ? ಆದಕಾರಣ ಪೀಡನ ಈಗ ಅಲ್ಲಿಯೇ ನೆಲೆಸುತ್ತದೆ. ಪ್ರತಿಯೊಂದು ಆವರ್ತನೆಯಲ್ಲಿಯೂ ಬಿರುಕು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೋ ಅದಕ್ಕಿಂತ ಕಡಮೆಯೋ ಮುಂದೆ ಸರಿಯುತ್ತದೆ. ಕೊನೆಗೊಂದು ದಿನ ಉಳಿದ ಲೋಹ ಹೊರೆಯನ್ನು ತಾಳಲಾರದೆ ಒಮ್ಮೆಗೇ ಹರಿದುಹೋಗುತ್ತದೆ.

ಆಕಾಶದಲ್ಲಿ ಒಡೆದ ಹಡಗುಗಳು

ವಿಮಾನ ಹನ್ನೊಂದು ಕಿಲೊಮೀಟರು ಎತ್ತರದಲ್ಲಿ ಹಾರುವಾಗ ಹೊರಗಿನ ವಾಯುಭಾರ ನೆಲದ ಮೇಲಿನದರ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಮೆ. ಪ್ರಯಾಣಿಕರು ಉಸಿರಾಡಬೇಕಾದರೆ ಒಳಗೆ ಗಾಳಿಯನ್ನು ಒತ್ತಿ ತುಂಬಿರಬೇಕು. ಆದ್ದರಿಂದ ವಿಮಾನದ ಒಡಲು ಮೇಲೇರಿದಾಗ ಬುಗ್ಗೆಯಂತೆ ತುಸು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಒಂದು ಹಾರಾಟಕ್ಕೆ ಒಂದು ಆವರ್ತನೆ.

1952ನೆಯ ಮೇ 2ರಂದು ಬ್ರಿಟನ್ನಿನ 'ಕಾಮೆಟ್' ವಿಮಾನ ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಹೊರಟಾಗ ಜಗತ್ತಿನಲ್ಲಿ ಪ್ರಯಾಣಿಕರ ಜೆಟ್ ಸಂಚಾರ ಆರಂಭವಾಯಿತು. ಎರಡು ವರ್ಷ ತುಂಬುವುದಕ್ಕೆ ಮುಂಚೆಯೇ, 1954ನೆಯ ಜನವರಿ 10ರಂದು, ರೋಮಿನಿಂದ ಮೇಲೆದ್ದ ಒಂದು ಕಾಮೆಟ್ ಎಲ್ಬಾ ದ್ವೀಪದ ಬಳಿ ಆಕಾಶದಲ್ಲಿಯೇ ಒಡೆದು ಸಮುದ್ರಕ್ಕೆ ಬಿದ್ದಿತು. ಅದರಲ್ಲಿದ್ದ 35 ಮಂದಿಯೂ ಮಡಿದರು. ಏಪ್ರಿಲ್ 8ರಂದು ನೇಪಲ್ಸ್ ಬಳಿ ಇನ್ನೊಂದು ಕಾಮೆಟ್ ಅದೇ ಗತಿಯನ್ನು ಹೊಂದಿ 21 ಮಂದಿ ಸತ್ತರು. ಮೊದಲನೆಯದು 1,290 ಸಲ, ಎರಡನೆಯದು ಕೇವಲ 900 ಸಲ ಒತ್ತಡಕ್ಕೊಳಗಾಗಿ ಹಾರಿತ್ತು.

ಕಾರಣವನ್ನು ಹುಡುಕಲು ಫಾರ್ನ್‌ಬರೋ ಎಂಬಲ್ಲಿಯ ವಿಜ್ಞಾನಿಗಳು ಒಂದು ಕಾಮೆಟ್ ವಿಮಾನದ ಒಡಲನ್ನೇ ಭಾರಿ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ನೀರು ತುಂಬಿ, ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಗಾಳಿಗೆ ಬದಲು ನೀರೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಗಾಳಿಯನ್ನು ಒತ್ತಿದಾಗ ಅದರಲ್ಲಿ ಅಪಾರ ಶಕ್ತಿ ಅಡಗುತ್ತದೆ; ಒಡಲು ಬಿರಿದರೆ ಅದು ಬಾಂಬಿನಂತೆ ಸಿಡಿದು ಸಾಕ್ಷ್ಯವೆಲ್ಲ ಚೂರಾಗುತ್ತದೆ. ನೀರು ಹೆಚ್ಚಾಗಿ ಕುಗ್ಗದ ವಸ್ತುವಾದ್ದರಿಂದ ಬಿರುಕು ಬಿಟ್ಟೊಡನೆ ಒತ್ತಡ ಇಳಿದು ಎಲ್ಲವೂ ಇದ್ದಲ್ಲಿಯೇ ಉಳಿಯುತ್ತದೆ. ಹಿಂದಿನ ಹಾರಾಟಗಳೂ ತೊಟ್ಟಿಯ ಪರೀಕ್ಷೆಗಳೂ ಸೇರಿ ಸುಮಾರು 3,060 ಆವರ್ತನೆಗಳಾಗುವಷ್ಟರಲ್ಲಿ ಒಡಲಿನ ತೆರಪೊಂದರ ಮೂಲೆಯಿಂದ ಹೊರಟ ಬಿರುಕು ತಗಡನ್ನು ಸೀಳಿತು. ಅಪರಾಧಿ ಲೋಹದ ದಣಿವೇ ಎಂಬುದು ಸ್ಪಷ್ಟವಾಯಿತು.

ಅಂದಿನಿಂದ ವಿಮಾನಗಳ ರಚನೆ ಎಷ್ಟೋ ಸುಧಾರಿಸಿದೆ. ಆದರೂ ಬಿರುಕುಗಳನ್ನು ಕಾಲಕಾಲಕ್ಕೆ ಹುಡುಕುತ್ತಿರಲೇಬೇಕು. ಕಣ್ಣನ್ನೇ ನಂಬಿದರೆ ಏನಾಗಬಹುದೆಂಬುದಕ್ಕೆ 1988ನೆಯ ಏಪ್ರಿಲ್ 28ರಂದು ಹವಾಯಿ ದ್ವೀಪಗಳಲ್ಲಿ ನಡೆದ ಘಟನೆಯೇ ಸಾಕ್ಷಿ. ಅಲೋಹಾ ಸಂಸ್ಥೆಯ ಬೋಯಿಂಗ್ 737 ವಿಮಾನವೊಂದು ಏಳು ಕಿಲೊಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾರುತ್ತಿದ್ದಾಗ ಅದರ ಚಾವಣಿಯ ಸುಮಾರು ಐದೂವರೆ ಮೀಟರು ಉದ್ದದ ಭಾಗ ಕಿತ್ತುಹೋಯಿತು. ಪರಿಚಾರಿಕೆಯೊಬ್ಬಳು ಹಾರಿಹೋಗಿ ಪ್ರಾಣ ಕಳೆದುಕೊಂಡಳು. ಚಾಲಕರ ಚಾತುರ್ಯದಿಂದ ಮಿಕ್ಕವರೆಲ್ಲ ಬದುಕಿ ನೆಲ ಮುಟ್ಟಿದರು. ಆ ವಿಮಾನ 89,680 ಹಾರಾಟಗಳನ್ನು ಮುಗಿಸಿತ್ತು. ತಗಡುಗಳ ಜೋಡಣೆಯಲ್ಲಿ ರಿವೆಟ್ಟಿನ ರಂಧ್ರಗಳ ಸಾಲಿನುದ್ದಕ್ಕೂ ಸಣ್ಣ ಸಣ್ಣ ಬಿರುಕುಗಳೆದ್ದು, ಕೊನೆಗೆ ಒಂದಕ್ಕೊಂದು ಕೂಡಿಕೊಂಡಿದ್ದುವು. ಆ ದಿನ ವಿಮಾನವೇರುವಾಗ ಪ್ರಯಾಣಿಕಳೊಬ್ಬಳು ಬಾಗಿಲ ಬಳಿ ಬಿರುಕೊಂದನ್ನು ಕಂಡಿದ್ದಳೆಂದೂ, ಆದರೆ ಯಾರಿಗೂ ಹೇಳಲಿಲ್ಲವೆಂದೂ ತನಿಖೆಯಿಂದ ತಿಳಿದುಬಂದಿತು. ಸಾವಿರಾರು ರಿವೆಟ್ಟುಗಳನ್ನು ಒಂದೊಂದಾಗಿ ದೀಪ ಹಿಡಿದು ನೋಡುವ ಪರೀಕ್ಷಕನ ಕಣ್ಣು ಎಲ್ಲಿಯಾದರೂ ತಪ್ಪುವುದು ಸಹಜ. ಲೋಹವೇ ತನ್ನ ನೋವನ್ನು ಹೇಳಿಕೊಂಡರೆ?

ಸದ್ದು ಹುಟ್ಟುವ ಬಗೆ

ಬಿಲ್ಲನ್ನು ಎಳೆದು ಹಿಡಿದಾಗ ನಾವು ಮಾಡಿದ ಕೆಲಸ ಅದರಲ್ಲಿ ಸ್ಥಿತಿಸ್ಥಾಪಕ ಶಕ್ತಿಯಾಗಿ ಕೂಡಿಟ್ಟಿರುತ್ತದೆ. ಹೆದೆ ಹಠಾತ್ತನೆ ಹರಿದರೆ ಆ ಶಕ್ತಿಯ ಒಂದಂಶ ಕಂಪನವಾಗಿ ಹೊರಬೀಳುತ್ತದೆ. ಹೊರೆ ಹೊತ್ತ ಲೋಹವೂ ಎಳೆದ ಬಿಲ್ಲೇ. ಬಿರುಕು ಒಂದು ಹೆಜ್ಜೆ ಮುಂದಿಟ್ಟಾಗ ಅದರ ಅಕ್ಕಪಕ್ಕದ ಲೋಹ ತಟಕ್ಕನೆ ಸಡಿಲಗೊಳ್ಳುತ್ತದೆ. ಅಲ್ಲಿ ಕೂಡಿಟ್ಟಿದ್ದ ಶಕ್ತಿಯ ಅತ್ಯಲ್ಪ ಭಾಗ ಅಲೆಗಳಾಗಿ ಸುತ್ತಲೂ ಹರಡುತ್ತದೆ. ಭೂಕಂಪವೂ ಇದೇ ತತ್ತ್ವದ ಬೃಹದ್ರೂಪ. ಭೂಮಿಯ ಶಿಲೆಗಳು ಜಾರಿದಾಗ ಎದ್ದ ಅಲೆಗಳನ್ನು ದೂರದಲ್ಲಿ ಅಳೆದು ಭೂಕಂಪದ ನೆಲೆಯನ್ನು ಗುರುತಿಸುತ್ತಾರಷ್ಟೆ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಆಳದ ಬಂಡೆಗಳು ಸಿಡಿಯುತ್ತಿದ್ದ ಕಾಲಕ್ಕೆ ಅಂತಹ ಸಿಡಿತಗಳ ನೆಲೆಯನ್ನು ಕಂಪನಮಾಪಕಗಳಿಂದಲೇ ಗುರುತಿಸುತ್ತಿದ್ದರು. ಅದೇ ಕ್ರಿಯೆಯನ್ನು ಕೋಟ್ಯಂತರ ಪಟ್ಟು ಕುಗ್ಗಿಸಿ, ಅಂಗೈಯಗಲದ ಲೋಹದ ತುಂಡಿನಲ್ಲಿ ಕಲ್ಪಿಸಿಕೊಂಡರೆ ಧ್ವನಿ ಉತ್ಸರ್ಜನೆ ಅರ್ಥವಾದಂತೆಯೇ.

ಕೆಲವು ಲೋಹಗಳ ನರಳಿಕೆ ಬರಿಯ ಕಿವಿಗೂ ಕೇಳಿಸುತ್ತದೆ. ಶುದ್ಧವಾದ ತವರದ ಕಡ್ಡಿಯನ್ನು ಬಾಗಿಸಿದರೆ 'ಕರಕರ' ಎನ್ನುತ್ತದೆ. ಇದನ್ನು ತವರದ ಅಳು ಎಂದು ಕರೆಯುವುದು ವಾಡಿಕೆ. ತರಗತಿಯಲ್ಲಿ ನಾನು ಇದನ್ನು ಮಾಡಿ ತೋರಿಸಿದಾಗ ಹಿಂದಿನ ಬೆಂಚಿನವರೂ ಎದ್ದು ಮುಂದಕ್ಕೆ ಬರುತ್ತಾರೆ. ಅಲ್ಲಿ ಮುರಿಯುವುದು ಏನೂ ಇಲ್ಲ. ಹರಳುಗಳೊಳಗಿನ ಪರಮಾಣುಗಳ ಸಾಲುಗಳು ಒಮ್ಮೆಗೇ ಮಗ್ಗುಲು ಬದಲಾಯಿಸುವುದರಿಂದ ಆ ಸದ್ದು ಹುಟ್ಟುತ್ತದೆ. ವಿಮಾನಕ್ಕೆ ಬಳಸುವ ಅಲ್ಯೂಮಿನಿಯಮ್ ಮಿಶ್ರಲೋಹದ ಬಿರುಕಿನ ಸದ್ದಾದರೋ ಇದಕ್ಕಿಂತ ಎಷ್ಟೋ ಕ್ಷೀಣ. ನಮ್ಮ ಕಿವಿಗೆ ಸೆಕೆಂಡಿಗೆ 20,000ಕ್ಕಿಂತ ಹೆಚ್ಚಿನ ಕಂಪನಗಳು ಕೇಳಿಸವು. ಬಿರುಕಿನ ಸದ್ದನ್ನು ಹಿಡಿಯಲು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಲಕ್ಷದಿಂದ ಹತ್ತು ಲಕ್ಷ ಕಂಪನಗಳ ವ್ಯಾಪ್ತಿಯನ್ನು ಆರಿಸಿಕೊಳ್ಳುತ್ತಾರೆ. ಎಂಜಿನ್ನಿನ ಮೊರೆತ, ಗಾಳಿಯ ಭೋರ್ಗರೆತ ಮುಂತಾದವು ಬಹುಮಟ್ಟಿಗೆ ಕೆಳಗಿನ ಕಂಪನಗಳಲ್ಲಿ ಇರುವುದರಿಂದ ಈ ಆಯ್ಕೆ ವಿಹಿತವಾಗಿದೆ.

ಯಂತ್ರದ ಕಿವಿ

ಇಂತಹ ಸೂಕ್ಷ್ಮ ಕಂಪನವನ್ನು ಹಿಡಿಯುವ ಕಿವಿ ಯಾವುದು? 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು, ಸ್ಫಟಿಕಶಿಲೆಯಂತಹ ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮುಖಗಳಲ್ಲಿ ವಿದ್ಯುತ್ತು ತೋರುತ್ತದೆಂಬುದನ್ನು ಕಂಡುಹಿಡಿದರು. ಇದು ಪೀಜೋ ವಿದ್ಯುತ್ ಪರಿಣಾಮ. ಈಗ ಸೀಸ, ಜರ್ಕೋನಿಯಮ್, ಟೈಟೇನಿಯಮ್‌ಗಳ ಸಂಯುಕ್ತದಿಂದ ಮಾಡಿದ ಪಿಂಗಾಣಿಯ ಬಿಲ್ಲೆಗಳನ್ನು ಈ ಕೆಲಸಕ್ಕೆ ಬಳಸುತ್ತಾರೆ. ಬಿಲ್ಲೆಯನ್ನು ಸಣ್ಣ ಡಬ್ಬಿಯಲ್ಲಿಟ್ಟು, ನಡುವೆ ಗಾಳಿ ಉಳಿಯದಂತೆ ಜಿಡ್ಡು ಸವರಿ ಲೋಹದ ಮೈಗೆ ಅಂಟಿಸುತ್ತಾರೆ. ಪರಮಾಣುವೊಂದರ ವ್ಯಾಸಕ್ಕಿಂತಲೂ ಕಿರಿದಾದ ಮೈಯ ಅಲುಗಾಟವನ್ನು ಅದು ವಿದ್ಯುತ್ತಾಗಿ ಪರಿವರ್ತಿಸಬಲ್ಲುದು! ವರ್ಧಕಗಳು ಆ ವಿದ್ಯುತ್ತನ್ನು ಹೆಚ್ಚಿಸುತ್ತವೆ. ಗಣಕಯಂತ್ರ ಪ್ರತಿಯೊಂದು ಸಿಡಿತದ ವೇಳೆ, ಎತ್ತರ, ಅವಧಿಗಳನ್ನು ಬರೆದಿಡುತ್ತದೆ.

ಒಂದಕ್ಕಿಂತ ಹೆಚ್ಚು ಸಂವೇದಕಗಳಿದ್ದರೆ ಬಿರುಕು ಎಲ್ಲಿದೆ ಎಂಬುದನ್ನೂ ಹೇಳಬಹುದು. ಒಂದು ಉದಾಹರಣೆ: ಅಲ್ಯೂಮಿನಿಯಮ್ ಪಟ್ಟಿಯೊಂದರ ಮೇಲೆ ಅ, ಬ ಎಂಬ ಎರಡು ಸಂವೇದಕಗಳನ್ನು ಒಂದು ಮೀಟರು ಅಂತರದಲ್ಲಿ ಕೂರಿಸಿದೆ ಎನ್ನೋಣ. ಪಟ್ಟಿಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5,000 ಮೀಟರು. ಗಾಳಿಯಲ್ಲಿ ಧ್ವನಿಯ ವೇಗ 340 ಮೀಟರಷ್ಟೆ. ಅ ಎಂಬಲ್ಲಿಗೆ ಸದ್ದು ಮುಟ್ಟಿದ 40 ಮೈಕ್ರೊಸೆಕೆಂಡುಗಳ ಬಳಿಕ ಬ ಎಂಬಲ್ಲಿಗೆ ಮುಟ್ಟಿತು. ಅಷ್ಟು ಕಾಲದಲ್ಲಿ ಅಲೆ ಸಾಗುವ ದೂರ 0.2 ಮೀಟರು. ಎಂದರೆ ಬಿರುಕು ಅ ಇಂದ ಇರುವುದಕ್ಕಿಂತ ಬ ಇಂದ 0.2 ಮೀಟರು ಹೆಚ್ಚು ದೂರದಲ್ಲಿದೆ. ಎರಡು ದೂರಗಳ ಮೊತ್ತ ಒಂದು ಮೀಟರು. ಆದುದರಿಂದ ಬಿರುಕು ಅ ಇಂದ 0.4 ಮೀಟರು, ಬ ಇಂದ 0.6 ಮೀಟರು ದೂರದಲ್ಲಿರಬೇಕು. ಅಗಲವಾದ ತಗಡಾದರೆ ಎರಡು ಸಂವೇದಕಗಳು ಸಾಲವು. ಕಾಲದ ವ್ಯತ್ಯಾಸ ಒಂದೇ ಆಗಿರುವ ಬಿಂದುಗಳೆಲ್ಲ ಒಂದು ಅತಿಪರವಲಯದ ಮೇಲೆ ಇರುತ್ತವೆ. ಮೂರನೆಯ ಸಂವೇದಕವನ್ನು ಸೇರಿಸಿದರೆ ಇನ್ನೊಂದು ಅತಿಪರವಲಯ ದೊರೆಯುತ್ತದೆ. ಅವೆರಡೂ ಕೂಡುವ ಸ್ಥಳದಲ್ಲಿ ಬಿರುಕನ್ನು ಹುಡುಕಬೇಕು. ಶಂಕುವಿನ ಛೇದಗಳನ್ನು ಒಣ ಗಣಿತವೆಂದು ಬೇಸರಪಡುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.

ಕೈಸರನ ಶೋಧನೆ

ಈ ವಿದ್ಯೆಗೆ ಗಟ್ಟಿಯಾದ ತಳಹದಿ ಹಾಕಿದವನು ಜರ್ಮನಿಯ ಜೋಸೆಫ್ ಕೈಸರ್. 1950ರಲ್ಲಿ ಮ್ಯೂನಿಕ್ಕಿನಲ್ಲಿ ಅವನು ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಹಲವು ಲೋಹಗಳನ್ನು ಎಳೆದು ಅವುಗಳ ಸದ್ದನ್ನು ಆಲಿಸಿದ ವಿವರವಿದೆ. ಅವನು ಕಂಡದ್ದೊಂದು ವಿಚಿತ್ರ. ಲೋಹವನ್ನು ಮೊದಲ ಸಲ ಒಂದು ಮಟ್ಟದವರೆಗೆ ಎಳೆದಾಗ ಅದು ಸದ್ದು ಮಾಡುತ್ತದೆ. ಹೊರೆಯನ್ನು ತೆಗೆದು ಮತ್ತೆ ಅದೇ ಮಟ್ಟದವರೆಗೆ ಎಳೆದರೆ ಬಹುಮಟ್ಟಿಗೆ ಮೌನ! ಹಿಂದಿನ ಮಟ್ಟವನ್ನು ದಾಟಿದೊಡನೆ ಸದ್ದು ಮರಳಿ ಆರಂಭವಾಗುತ್ತದೆ. ತಾನು ಹಿಂದೆ ಹೊತ್ತ ಅತಿ ದೊಡ್ಡ ಹೊರೆಯನ್ನು ಲೋಹ ನೆನಪಿಟ್ಟುಕೊಂಡಂತೆ ತೋರುತ್ತದೆ. ಇದನ್ನು ಕೈಸರ್ ಪರಿಣಾಮ ಎನ್ನುತ್ತಾರೆ. 1954ರಿಂದ ಅಮೆರಿಕದಲ್ಲಿ ಬ್ರಾಡ್‌ಫರ್ಡ್ ಸ್ಕೋಫೀಲ್ಡನು ಈ ಅಧ್ಯಯನವನ್ನು ಮುಂದುವರಿಸಿದನು.

ಇದರ ಸ್ಥೂಲ ಅನುಭವವನ್ನು ಮನೆಯಲ್ಲಿಯೇ ಪಡೆಯಬಹುದು. ಚೆನ್ನಾಗಿ ಒಣಗಿದ ಉದ್ದನೆಯ ಕಡ್ಡಿಯ ಒಂದು ತುದಿಯನ್ನು ಹಲ್ಲುಗಳಲ್ಲಿ ಮೆಲ್ಲನೆ ಕಚ್ಚಿ ಹಿಡಿದು, ಇನ್ನೊಂದು ತುದಿಯನ್ನು ನಿಧಾನವಾಗಿ ಬಾಗಿಸಿರಿ. ಮುರಿಯುವುದಕ್ಕೆ ಎಷ್ಟೋ ಮೊದಲೇ ಎಳೆಗಳು ಕಿತ್ತುಬರುವ ಚಿಟಿಚಿಟಿ ಸದ್ದು ಎಲುಬಿನ ಮೂಲಕ ಕೇಳಿಸುತ್ತದೆ. ಬಿಟ್ಟು, ಅಷ್ಟೇ ಬಾಗಿಸಿದರೆ ಸದ್ದು ತೀರ ಕಡಮೆಯಾಗಿರುವುದನ್ನು ಗಮನಿಸಬಹುದು.

ಮೌನವೂ ಸಾಕ್ಷಿಯಾಗುವುದು ಇಲ್ಲಿಯೇ. ವಿಮಾನದ ಒಂದು ಭಾಗಕ್ಕೆ ನೆಲದ ಮೇಲೆ 100 ಮಾನದ ಹೊರೆ ಹೇರಿ ಪರೀಕ್ಷಿಸಿದೆ ಎನ್ನೋಣ. ಹಾರಾಟದಲ್ಲಿ ಅದರ ಮೇಲೆ 80 ಮಾನಕ್ಕಿಂತ ಹೆಚ್ಚಿನ ಹೊರೆ ಬೀಳುವುದಿಲ್ಲ. ಸಾವಿರ ಹಾರಾಟಗಳಾದ ಬಳಿಕ ಮತ್ತೆ 100 ಮಾನ ಹೇರೋಣ. ಆ ನಡುವೆ ಬಿರುಕು ಬೆಳೆದಿಲ್ಲವಾದರೆ ಲೋಹ ಹಿಂದಿನ ನೆನಪಿನಿಂದ ಮೌನವಾಗಿರುತ್ತದೆ. ಬೆಳೆದಿದ್ದರೆ, ಅದರ ತುದಿ ಈಗ ಹೊಸ ಸ್ಥಳದಲ್ಲಿದೆ. ಅಲ್ಲಿಯ ಲೋಹ ಇಂತಹ ಪೀಡನವನ್ನು ಹಿಂದೆಂದೂ ಕಂಡಿಲ್ಲ. ಹೊರೆ 100ನ್ನು ಮುಟ್ಟುವ ಮೊದಲೇ ಅದು ಕೂಗಿಕೊಳ್ಳುತ್ತದೆ. ಸದ್ದಿಗಿಂತಲೂ, ಸದ್ದು ಬರಬಾರದಾಗಿದ್ದ ಕಾಲದಲ್ಲಿ ಬಂತೆಂಬುದೇ ಇಲ್ಲಿ ಮುಖ್ಯವಾದ ಸುಳಿವು.

ವಿಮಾನಶಾಲೆಯಲ್ಲಿ

1969ರ ಡಿಸೆಂಬರಿನಲ್ಲಿ ಅಮೆರಿಕದ ಎಫ್-111 ಎಂಬ ಯುದ್ಧವಿಮಾನದ ರೆಕ್ಕೆ ಹಾರಾಟದಲ್ಲಿಯೇ ಕಳಚಿಬಿದ್ದು ಇಬ್ಬರು ವೈಮಾನಿಕರು ಸತ್ತರು. ರೆಕ್ಕೆಯ ತಿರುಗಣಿಯ ಉಕ್ಕಿನಲ್ಲಿ ತಯಾರಿಕೆಯ ಕಾಲದಲ್ಲಿಯೇ ಉಳಿದುಹೋಗಿದ್ದ ದೋಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಬಳಿಕ ಆ ಜಾತಿಯ ವಿಮಾನಗಳನ್ನು ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಶೈತ್ಯಕ್ಕೆ ಒಯ್ದು, ರೆಕ್ಕೆಗಳನ್ನು ಬಲವಾಗಿ ಬಾಗಿಸಿ ಪರೀಕ್ಷಿಸುವ ಪದ್ಧತಿ ಬಂದಿತು. ಚಳಿಯಲ್ಲಿ ಉಕ್ಕು ಪೆಡಸಾಗುವುದರಿಂದ, ದೋಷವಿದ್ದರೆ ಅದು ಆಕಾಶದಲ್ಲಿ ಮುರಿಯುವ ಬದಲು ನೆಲದ ಮೇಲೆಯೇ ಮುರಿಯಲಿ ಎಂಬುದು ಉದ್ದೇಶ. ಮುಂದೆ ಈ ಪರೀಕ್ಷೆಯ ಜೊತೆಗೆ ಸಂವೇದಕಗಳಿಂದ ಆಲಿಸುವ ಏರ್ಪಾಡೂ ಆಯಿತು. ವಿಮಾನಗಳಲ್ಲಿ ಬೆಂಕಿ ಆರಿಸಲು ಇಟ್ಟಿರುವ ಹ್ಯಾಲಾನ್ ಅನಿಲದ ಗೋಳಾಕಾರದ ಪಾತ್ರೆಗಳನ್ನೂ ಹೀಗೆಯೇ ಪರೀಕ್ಷಿಸುತ್ತಾರೆ. ಪಾತ್ರೆಯನ್ನು ಬರಿದು ಮಾಡದೆ ಕಾವುಗೂಡಿನಲ್ಲಿ ಬಿಸಿಮಾಡಿ, ಒಳಗಿನ ಒತ್ತಡ ಏರುವಾಗ ಆರು ಸಂವೇದಕಗಳಿಂದ ಅದರ ಮೈಯನ್ನು ಆಲಿಸುತ್ತಾರೆ.

ಹೊಸ ವಿನ್ಯಾಸದ ವಿಮಾನಗಳ ರೆಕ್ಕೆಗಳನ್ನು ನೆಲದ ಮೇಲೆಯೇ ತಿಂಗಳುಗಟ್ಟಲೆ ಬಾಗಿಸಿ ದಣಿಸುವ ಪರೀಕ್ಷೆಗಳೂ ಉಂಟು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಇಂತಹ ದಣಿವಿನ ಪರೀಕ್ಷೆಗಳಿಗೆ ಬೇಕಾದ ಸಲಕರಣೆಗಳಿವೆ. ಇಂತಹ ಪರೀಕ್ಷೆಗಳಲ್ಲಿ ಧ್ವನಿ ಉತ್ಸರ್ಜನೆ ಬಹಳ ಉಪಯುಕ್ತ. ಯಂತ್ರವನ್ನು ನಿಲ್ಲಿಸಿ ಒಂದೊಂದು ಭಾಗವನ್ನೂ ಬಿಚ್ಚಿ ನೋಡುವ ಬದಲು, ಸದ್ದು ಬಂದ ಎಡೆಯನ್ನೇ ನೇರವಾಗಿ ಪರಿಶೀಲಿಸಬಹುದು.

ಗದ್ದಲದ ನಡುವಿನ ಪಿಸುಮಾತು

ಹಾಗಾದರೆ ಹಾರುವ ಪ್ರತಿಯೊಂದು ವಿಮಾನಕ್ಕೂ ಈ ಕಿವಿಗಳನ್ನು ಅಂಟಿಸಿ ನಿಶ್ಚಿಂತರಾಗಿ ಇರಬಾರದೇಕೆ? ತೊಡಕು ಇರುವುದು ಇಲ್ಲಿಯೇ. ಸಡಿಲಗೊಂಡ ರಿವೆಟ್ಟು ತನ್ನ ರಂಧ್ರದಲ್ಲಿ ಉಜ್ಜುತ್ತದೆ, ತಗಡು ತಗಡಿಗೆ ತಿಕ್ಕುತ್ತದೆ, ಕೊಳವೆಗಳಲ್ಲಿ ಎಣ್ಣೆ ಹರಿಯುತ್ತದೆ, ಮಳೆಹನಿ ಬಡಿಯುತ್ತದೆ. ಇವೆಲ್ಲ ಬಿರುಕಿನ ಸದ್ದಿನಂತೆಯೇ ಮೇಲಿನ ಕಂಪನಗಳನ್ನೂ ಎಬ್ಬಿಸುತ್ತವೆ. ಜಾತ್ರೆಯ ಗದ್ದಲದಲ್ಲಿ ಒಬ್ಬನ ಪಿಸುಮಾತನ್ನು ಕೇಳಿಸಿಕೊಳ್ಳುವಂತಹ ಕೆಲಸ ಇದು. ಮೇಲಾಗಿ ಮೆದುವಾದ ಅಲ್ಯೂಮಿನಿಯಮ್ ಮಿಶ್ರಲೋಹಗಳಲ್ಲಿ ಬಿರುಕು ಸದ್ದಿಲ್ಲದೆ ನುಸುಳುವುದೇ ಹೆಚ್ಚು. ಪೆಡಸಾದ ಉಕ್ಕಿನಷ್ಟು ಅದು ಗಟ್ಟಿಯಾಗಿ ಕೂಗುವುದಿಲ್ಲ.

ಜಾಣರು ಇದಕ್ಕೆ ಕೆಲವು ಉಪಾಯಗಳನ್ನು ಹೂಡಿದ್ದಾರೆ. ಬಿರುಕು ಮುಂದೆ ಸರಿಯುವುದು ಹೊರೆ ಅತ್ಯಧಿಕವಾಗಿರುವ ಹೊತ್ತಿನಲ್ಲಿ; ಆದುದರಿಂದ ಆ ಹೊತ್ತಿನ ಸದ್ದಿಗೆ ಬೆಲೆ ಹೆಚ್ಚು. ಅನುಮಾನವಿರುವ ಸ್ಥಳದ ಸುತ್ತ ಕಾವಲು ಸಂವೇದಕಗಳನ್ನಿಟ್ಟು, ಅವುಗಳಿಗೆ ಮೊದಲು ಮುಟ್ಟಿದ ಸದ್ದು ಹೊರಗಿನಿಂದ ಬಂದದ್ದೆಂದು ತಳ್ಳಿಹಾಕುತ್ತಾರೆ. ಒಂದೇ ಬಿಂದುವಿನಿಂದ ಮತ್ತೆ ಮತ್ತೆ ಬರುವ ಸದ್ದನ್ನು ಮಾತ್ರ ಲಕ್ಷಿಸುತ್ತಾರೆ. ಇಷ್ಟಾದರೂ ಅನುಮಾನ ಪೂರ್ತಿಯಾಗಿ ಅಳಿಯುವುದಿಲ್ಲ.

ಇನ್ನೊಂದು ಮಿತಿಯನ್ನೂ ಮರೆಯಬಾರದು. ಬೆಳೆಯದೆ ನಿಂತಿರುವ ಬಿರುಕು, ಅದೆಷ್ಟೇ ದೊಡ್ಡದಾಗಿರಲಿ, ಸದ್ದು ಮಾಡದೆ ಇರಬಹುದು. ಆಲಿಸುವವನಿಗೆ ಗೊತ್ತಾಗುವುದು ಎಲ್ಲಿಯೋ ಏನೋ ನಡೆಯುತ್ತಿದೆಯೆಂಬುದು. ಬಿರುಕಿನ ಉದ್ದವೆಷ್ಟು, ಆಳವೆಷ್ಟು ಎಂಬುದಲ್ಲ. ಅದಕ್ಕೆ ಶ್ರವಣಾತೀತ ಧ್ವನಿಯನ್ನು ಹೊರಗಿನಿಂದ ಹಾಯಿಸಿ ಪ್ರತಿಧ್ವನಿಯನ್ನು ಅಳೆಯುವುದು, ಕ್ಷಕಿರಣದ ಚಿತ್ರ ತೆಗೆಯುವುದು, ಲೋಹದಲ್ಲಿ ಸುಳಿವಿದ್ಯುತ್ತನ್ನು ಎಬ್ಬಿಸಿ ನೋಡುವುದು ಮುಂತಾದ ಬೇರೆ ಪರೀಕ್ಷೆಗಳೇ ಬೇಕು. ವೈದ್ಯರು ಎದೆಯ ಬಡಿತವನ್ನು ಆಲಿಸಿ ಸಂಶಯಪಟ್ಟ ಬಳಿಕ ಬೇರೆ ಪರೀಕ್ಷೆಗಳನ್ನು ಬರೆದುಕೊಡುವುದಿಲ್ಲವೆ? ಇದೂ ಹಾಗೆಯೇ.

ಕಾಮೆಟ್ ವಿಮಾನಗಳ ಲೋಹ ಪ್ರತಿಯೊಂದು ಹಾರಾಟದಲ್ಲಿಯೂ ತನ್ನ ಸಂಕಟವನ್ನು ಹೇಳಿಕೊಳ್ಳುತ್ತಲೇ ಇದ್ದಿರಬೇಕು. ಅದನ್ನು ಕೇಳಬಲ್ಲ ಕಿವಿ ಆಗ ನಮ್ಮಲ್ಲಿ ಇರಲಿಲ್ಲ. ಈಗ ಕಿವಿ ಬಂದಿದೆ. ಗದ್ದಲದಿಂದ ಮಾತನ್ನು ಬೇರ್ಪಡಿಸುವ ವಿವೇಕ ಇನ್ನೂ ಬೆಳೆಯಬೇಕಾಗಿದೆ. ಆ ಕೆಲಸಕ್ಕೆ ಭೌತವಿಜ್ಞಾನ, ಗಣಿತ, ಲೋಹವಿಜ್ಞಾನ ಮೂರನ್ನೂ ಬಲ್ಲ ತರುಣರು ಬೇಕು. ಈ ಲೇಖನವನ್ನು ಓದಿದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಅತ್ತ ಮನಸ್ಸು ಮಾಡಿದರೆ, ಮುಂದೆ ಆಕಾಶದಲ್ಲಿ ಸಾಗುವ ಎಷ್ಟೋ ಮಂದಿಯ ಪ್ರಾಣ ಅವರ ಕಿವಿಯ ಸೂಕ್ಷ್ಮತೆಯಿಂದ ಉಳಿದೀತು.